ಕರೆಂಟ್ ಬಂದ ಮೇಲೆ ಮನೆ ಸರ್ವರ್ ನೆಟ್‌ವರ್ಕ್‌ಗೆ ಬರುತ್ತಿಲ್ಲವಾ? ಹಂತ ಹಂತವಾಗಿ ಹುಡುಕುವ ಕ್ರಮ

ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯಿಂದ ನನಗೆ ಬರುವ ಫೋನ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಮಾತು. "ಅಣ್ಣ, ರಾತ್ರಿ ಕರೆಂಟ್ ಹೋಗಿ ಬಂತು. ಬೆಳಿಗ್ಗೆಯಿಂದ ಸರ್ವರ್ ಕಾಣ್ತಾನೇ ಇಲ್ಲ. ಆಫ್ ಮಾಡಿ ಆನ್ ಮಾಡಿದೆ, ಸರಿ ಹೋಯ್ತು. ಮತ್ತೆ ಹಿಂಗೆ ಆಗಲ್ಲ ಅಲ್ವಾ?" ಆಗುತ್ತದೆ. ಮುಂದಿನ ವಾರ ಅದೇ ನಂಬರಿನಿಂದ ಮತ್ತೆ ಫೋನ್ ಬರುತ್ತದೆ.

ಎಲ್ಲರೂ ಎಡವುತ್ತಿರುವುದು ಆ ಆಫ್-ಆನ್‌ನಲ್ಲೇ. ರೀಸ್ಟಾರ್ಟ್ ಮಾಡಿದ ಕೂಡಲೇ ತೊಂದರೆ ಮಾಯ, ತೊಂದರೆಯ ಗುರುತೂ ಮಾಯ. ಹೋದ ವರ್ಷ ಒಂದು ತೋಟದಲ್ಲಿ ಕಣದ ಕ್ಯಾಮೆರಾಗಳ ರೆಕಾರ್ಡಿಂಗ್ ಒಂಬತ್ತು ದಿನ ನಿಂತೇ ಹೋಗಿತ್ತು. ಕಾಫಿ ಒಣಗುತ್ತಿದ್ದ ಸಮಯ ಅದು. ಮೂಟೆ ಲೆಕ್ಕ ತಪ್ಪಿ, ಹಳೇ ವಿಡಿಯೊ ನೋಡೋಣ ಅಂತ ಹೋದಾಗಲೇ ಗೊತ್ತಾಗಿದ್ದು. ಅಂಥ ದಿನ ನಿಮಗೆ ಬರಬಾರದು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಇದು ಹಳೇ ಲ್ಯಾಪ್‌ಟಾಪ್, ಸಣ್ಣ ಪಿಸಿ ಅಥವಾ ರಾಸ್‌ಬೆರಿ ಪೈ (ಅಂಗೈ ಅಗಲದ ಕಂಪ್ಯೂಟರ್) ಮೇಲೆ ಡೆಬಿಯನ್ ಇಲ್ಲವೇ ಉಬುಂಟು ಲಿನಕ್ಸ್ ಹಾಕಿ ಫೋಟೊ, ಕ್ಯಾಮೆರಾ, ಮಳೆ ಲೆಕ್ಕ, ತೋಟದ ಖರ್ಚು ಇಟ್ಟುಕೊಂಡವರಿಗಾಗಿ. ಕಮಾಂಡ್‌ಗಳನ್ನು ಓದುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ಕೀಬೋರ್ಡ್, ಒಂದು ಪರದೆ. ಮಾನಿಟರ್ ಇಲ್ಲದಿದ್ದರೆ ಮನೆಯ ಟಿವಿಗೆ ಎಚ್‌ಡಿಎಂಐ ಹಾಕಿ, ಸಾಕು. ರಾಸ್‌ಬೆರಿ ಪೈ 4 ಮತ್ತು 5ಕ್ಕೆ ಮೈಕ್ರೊ ಎಚ್‌ಡಿಎಂಐ ಬೇಕು, ಮೊದಲೇ ತಂದಿಡಿ. ನೆಟ್‌ವರ್ಕೇ ಇಲ್ಲದಾಗ ಎಸ್‌ಎಸ್‌ಎಚ್‌ನಲ್ಲಿ (ಬೇರೆ ಕಂಪ್ಯೂಟರ್‌ನಿಂದ ಲಾಗಿನ್ ಆಗುವ ದಾರಿ) ಒಳಗೆ ಹೋಗಲು ಆಗುವುದಿಲ್ಲ. ಪರದೆ ಇಲ್ಲದೆ ಹುಡುಕಲು ಹೊರಟವರೇ ಕೊನೆಗೆ ರೀಸ್ಟಾರ್ಟ್‌ಗೆ ಬೀಳುವುದು.

ಇನ್ನೊಂದು ನೆಟ್‌ವರ್ಕ್ ಕೇಬಲ್ ಇರಲಿ, ಈಗ ಬೇರೆ ಕಡೆ ಕೆಲಸ ಮಾಡುತ್ತಿರುವುದೇ ಆಗಬೇಕು. ಡ್ರಾಯರ್‌ನಲ್ಲಿ ಸುಮ್ನೆ ಬಿದ್ದಿದ್ದ ಕೇಬಲನ್ನು ನಂಬಬೇಡಿ. ರೂಟರ್‌ನ ಅಡ್ಮಿನ್ ಪಾಸ್‌ವರ್ಡ್, ಒಂದು ಟಾರ್ಚ್, ಒಂದು ನೋಟ್‌ಬುಕ್. ಫೋನಿನ ಸ್ಟಾಪ್‌ವಾಚ್ ಕೂಡ ಬೇಕಾಗುತ್ತದೆ.

ಹಂತ 1: ರೀಸ್ಟಾರ್ಟ್ ಮಾಡಬೇಡಿ, ಕೆಟ್ಟಿರುವಾಗಲೇ ನೋಡಿ

ಪರದೆ, ಕೀಬೋರ್ಡ್ ಹಾಕಿ ಲಾಗಿನ್ ಆಗಿ. ಯಾವುದನ್ನೂ ಸರಿಪಡಿಸುವ ಮುಂಚೆ ಮೂರು ಕಮಾಂಡ್‌ಗಳ ಉತ್ತರವನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ‘ಐಪಿ ಎ’ ಹೊಡೆದರೆ ನೆಟ್‌ವರ್ಕ್‌ನಲ್ಲಿ ಸರ್ವರ್‌ಗೆ ವಿಳಾಸ (ಐಪಿ ನಂಬರ್) ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ. ‘ಐಪಿ ಆರ್’ ಹೊಡೆದರೆ ಹೊರಗೆ ಹೋಗುವ ದಾರಿ ಯಾವುದು ಅಂತ ತೋರಿಸುತ್ತದೆ. ‘ಜರ್ನಲ್‌ಸಿಟಿಎಲ್ -ಬಿ’ ಈ ಸಲ ಎದ್ದಾಗಿನಿಂದ ನಡೆದದ್ದನ್ನೆಲ್ಲ ಸಾಲಾಗಿ ಹೇಳುತ್ತದೆ.

ಆಮೇಲೆ ಒಂದೊಂದೇ ಮೆಟ್ಟಿಲು ಪಿಂಗ್ ಮಾಡಿ, ಅಂದರೆ ಆ ಕಡೆಯಿಂದ ಉತ್ತರ ಬರುತ್ತದಾ ಅಂತ ‘ಪಿಂಗ್’ ಕಮಾಂಡ್‌ನಲ್ಲಿ ಕೇಳಿ. ಮೊದಲು ರೂಟರ್‌ಗೆ, ಸಾಮಾನ್ಯವಾಗಿ 192.168.1.1. ಅದು ಉತ್ತರ ಕೊಟ್ಟರೆ ಹೊರಗಿನ ಇಂಟರ್ನೆಟ್‌ನಲ್ಲಿರುವ ಗೂಗಲ್‌ನ ವಿಳಾಸ 8.8.8.8. ಅದೂ ಕೊಟ್ಟರೆ ಯಾವುದಾದರೂ ವೆಬ್‌ಸೈಟಿನ ಹೆಸರು. ಎಲ್ಲಿ ನಿಂತಿತು ಅಂತ ಬರೆದುಕೊಳ್ಳಿ. ರೂಟರ್‌ಗೇ ಹೋಗದಿದ್ದರೆ 2ರಿಂದ 6ನೇ ಹಂತದೊಳಗೆ ಕಾರಣ ಸಿಗುತ್ತದೆ. 8.8.8.8 ಸಿಕ್ಕಿ ಹೆಸರು ಸಿಗದಿದ್ದರೆ ಸೀದಾ 7ಕ್ಕೆ ಹೋಗಿ. ಎಲ್ಲ ಸಿಕ್ಕಿಯೂ ನಿಮ್ಮ ಕ್ಯಾಮೆರಾ ಅಥವಾ ಫೋಟೊ ಪುಟ ತೆರೆಯದಿದ್ದರೆ 8ಕ್ಕೆ.

ಈಗಾಗಲೇ ರೀಸ್ಟಾರ್ಟ್ ಮಾಡಿಬಿಟ್ಟಿದ್ದೀರಾ? ‘ಜರ್ನಲ್‌ಸಿಟಿಎಲ್ -ಬಿ -1’ ಹೊಡೆದು ನೋಡಿ, ಹಿಂದಿನ ಸಲದ ದಾಖಲೆ ಇದ್ದರೆ ಬರುತ್ತದೆ. ಬರದಿದ್ದರೆ ದಾಖಲೆಗಳು ಡಿಸ್ಕಿನ ಮೇಲೆ ಉಳಿಯುತ್ತಿಲ್ಲ ಅಂತ ಅರ್ಥ. ‘ವಾರ್’ ಫೋಲ್ಡರಿನ ‘ಲಾಗ್’ ಒಳಗೆ ‘ಜರ್ನಲ್’ ಅನ್ನುವ ಫೋಲ್ಡರ್ ಇದೆಯಾ ನೋಡಿ. ಇಲ್ಲದಿದ್ದರೆ ಮಾಡಿ. ಮುಂದಿನ ಸಲಕ್ಕೆ ಸಾಕ್ಷಿ ಉಳಿಯುತ್ತದೆ.

ಹಂತ 2: ದೀಪ ಮತ್ತು ಕೇಬಲ್

ಸರ್ವರ್‌ನ ಕೇಬಲ್ ಕೂರುವ ಜಾಗದಲ್ಲಿ ಸಣ್ಣ ದೀಪ ಇರುತ್ತದೆ. ಅದು ಉರಿಯುತ್ತಿಲ್ಲ ಅಂದರೆ ಸಾಫ್ಟ್‌ವೇರ್ ಮುಟ್ಟಲೇಬೇಡಿ. ಕೇಬಲ್ ಬದಲಿಸಿ, ರೂಟರ್‌ನ ಬೇರೆ ಪೋರ್ಟ್‌ಗೆ ಹಾಕಿ ನೋಡಿ.

ನಮ್ಮ ಕಡೆ ಮಳೆಗಾಲದಲ್ಲಿ ಕೇಬಲ್ ಕೆಡುವುದು ಜಾಸ್ತಿ. ತುದಿಯ ಪ್ಲಗ್ಗನ್ನು ತೆಗೆದು ಟಾರ್ಚ್ ಹಿಡಿದು ನೋಡಿ. ಎಂಟು ಹಿತ್ತಾಳೆ ಬಣ್ಣದ ಗೆರೆಗಳು ಹೊಳೆಯುತ್ತಿರಬೇಕು. ಜುಲೈ, ಆಗಸ್ಟ್‌ನಲ್ಲಿ ಕಿಟಕಿ ಪಕ್ಕ ಇಟ್ಟ ಸರ್ವರ್‌ಗಳಲ್ಲಿ ಆ ಗೆರೆಗಳ ಮೇಲೆ ಪಾಚಿ ಕಟ್ಟಿದ ಹಾಗೆ ಹಸಿರು ಹಿಡಿದಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬಟ್ಟೆಯಲ್ಲಿ ಒರೆಸಿದರೆ ಎರಡು ದಿನ ನಡೆಯುತ್ತದೆ, ಆಮೇಲೆ ಮತ್ತೆ ಅದೇ. ಆ ತುದಿ ಕತ್ತರಿಸಿ ಹೊಸ ಪ್ಲಗ್ ಹಾಕಿಸಿ. ಪೋರ್ಟ್ ಒಳಗೂ ಹಸಿರು ಹಿಡಿದಿದ್ದರೆ ಒಂದು ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಹಾಕಿಕೊಳ್ಳುವುದು ಸುಲಭ.

ದೀಪ ಉರಿಯುತ್ತಿದ್ದರೂ ಅನುಮಾನ ಇದ್ದರೆ ‘ಈಥ್‌ಟೂಲ್’ ಹೊಡೆದು ಪಕ್ಕದಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು (‘ಐಪಿ ಎ’ ಉತ್ತರದಲ್ಲಿ ಇರುತ್ತದೆ) ಕೊಡಿ. ವೇಗ 1000 ಇರಬೇಕಾದ ಕಡೆ 100 ತೋರಿಸುತ್ತಿದೆಯಾ? 1000ಕ್ಕೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಬೇಕು, 100ಕ್ಕೆ ಎರಡು ಜೋಡಿ ಸಾಕು. ಹಾಗಾಗಿ 100ಕ್ಕೆ ಇಳಿದಿದೆ ಅಂದರೆ ಎಲ್ಲೋ ಒಂದು ತಂತಿ ಕೈಕೊಟ್ಟಿರುವ ಸಾಧ್ಯತೆ ಹೆಚ್ಚು. ಇದು ಮುನ್ಸೂಚನೆ, ಕೇಬಲ್ ಪೂರ್ತಿ ಹೋಗುವ ಮುಂಚೆಯೇ ಬದಲಿಸಿ.

ಮನೆಯಿಂದ ಗೋಡೌನ್‌ಗೆ, ರೈಟರ್ ರೂಮಿಗೆ ತಾಮ್ರದ ಕೇಬಲ್ ಎಳೆದವರಿಗೆ ಒಂದು ಎಚ್ಚರಿಕೆ. 100 ಮೀಟರ್ ದಾಟಿದರೆ ಈ ಕೇಬಲ್ ನಂಬಿಕೆಗೆ ಬರುವುದಿಲ್ಲ. ಅದಕ್ಕಿಂತ ದೊಡ್ಡದು ಸಿಡಿಲಿನ ಭಯ. ಹೂಮಳೆಯ ಹೊತ್ತಿನ ಗುಡುಗಿಗೆ ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿ ಎರಡೂ ತುದಿಯ ಸಾಮಾನನ್ನು ಸುಟ್ಟುಹಾಕಬಲ್ಲದು. ಅಂಥ ಕಡೆ ಫೈಬರ್ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ (ಫೈಬರನ್ನು ತಾಮ್ರದ ಕೇಬಲ್‌ಗೆ ಸೇರಿಸುವ ಡಬ್ಬಿ) ಹಾಕುವುದೇ ಸರಿ. ದುಡ್ಡು ಸ್ವಲ್ಪ ಜಾಸ್ತಿ ಆದರೂ ನಾನು ಇದನ್ನೇ ಹೇಳುತ್ತೇನೆ.

ಹಂತ 3: ಸರ್ವರ್ ಪೂರ್ತಿ ಎದ್ದಿದೆಯಾ?

ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ ಅಂದರೆ ಸಿಸ್ಟಮ್ ಎದ್ದಿದೆ ಅಂತ ಅಲ್ಲ. ನೆಟ್‌ವರ್ಕ್ ತೊಂದರೆ ಅಂತ ಕರೆದ ಕಡೆ ಪರದೆ ಹಾಕಿ ನೋಡಿದರೆ ‘ಎಮರ್ಜೆನ್ಸಿ ಮೋಡ್’ ಅಂತ ನಿಂತಿರುವುದು ನನಗೆ ಹೊಸದಲ್ಲ.

ಇದರ ಕಾರಣ ಬಹಳ ಸಲ ಹೊರಗಿನ ಹಾರ್ಡ್ ಡಿಸ್ಕ್. ಅದನ್ನು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಏಳುವಾಗ ಸೇರಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಬರೆದಿರುತ್ತೀರಿ. ಕರೆಂಟ್ ಬಂದಾಗ ಡಿಸ್ಕ್ ಏಳಲಿಲ್ಲ ಅಂದರೆ ಸಿಸ್ಟಮ್ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಅಲ್ಲೇ ಕೂತುಬಿಡುತ್ತದೆ. ಎಸ್‌ಎಸ್‌ಎಚ್ ಶುರುವೇ ಆಗಿರುವುದಿಲ್ಲ. ಆ ಸಾಲಿನ ಆಯ್ಕೆಗಳಲ್ಲಿ ‘ನೋಫೇಲ್’ ಸೇರಿಸಿ. ಡಿಸ್ಕ್ ಬರದಿದ್ದರೂ ಉಳಿದದ್ದು ಏಳುತ್ತದೆ. ನೆಟ್‌ವರ್ಕ್ ಮೂಲಕ ಸೇರಿಸುವ ಡಿಸ್ಕ್ ಆದರೆ ‘_ನೆಟ್‌ಡೆವ್’ ಕೂಡ ಹಾಕಿ.

ಹಳೇ ಲ್ಯಾಪ್‌ಟಾಪ್ ಇಟ್ಟವರಿಗೆ ಬೇರೆಯೇ ಕಥೆ. ಪಿಂಗ್ ಅರ್ಧ ನಿಮಿಷ ಉತ್ತರ ಕೊಡುತ್ತದೆ, ಆಮೇಲೆ ನಿಲ್ಲುತ್ತದೆ. ಮುಚ್ಚಳ ಮುಚ್ಚಿಟ್ಟಿದ್ದೀರಿ, ಅಷ್ಟೇ. ಎದ್ದ ಮೊದಲ 30 ಸೆಕೆಂಡ್ ಸಿಸ್ಟಮ್ ಮುಚ್ಚಳದ ಕಡೆ ನೋಡುವುದಿಲ್ಲ, ಆಮೇಲೆ ನೋಡಿ ನಿದ್ದೆಗೆ ಹೋಗುತ್ತದೆ. ಲಾಗಿನ್‌ಡಿ ಕಾನ್ಫ್ ಫೈಲಿನಲ್ಲಿ ‘ಹ್ಯಾಂಡಲ್‌ಲಿಡ್‌ಸ್ವಿಚ್’ ಮುಂದೆ ‘ಇಗ್ನೋರ್’ ಅಂತ ಬರೆಯಿರಿ. ಹದಿನೈದು ಇಪ್ಪತ್ತು ನಿಮಿಷದ ಮೇಲೆ ಮಾಯವಾಗುತ್ತಿದ್ದರೆ ಗ್ನೋಮ್ ಡೆಸ್ಕ್‌ಟಾಪ್‌ನ ಲಾಗಿನ್ ಪರದೆ ನಿದ್ದೆ ಮಾಡಿಸುತ್ತಿದೆ. ‘ಸಿಸ್ಟಮ್‌ಸಿಟಿಎಲ್ ಮಾಸ್ಕ್ ಸ್ಲೀಪ್.ಟಾರ್ಗೆಟ್ ಸಸ್ಪೆಂಡ್.ಟಾರ್ಗೆಟ್’ ಹೊಡೆದರೆ ನಿದ್ದೆಯ ಬಾಗಿಲೇ ಮುಚ್ಚುತ್ತದೆ.

ಲ್ಯಾಪ್‌ಟಾಪ್‌ನ ಟಚ್‌ಪ್ಯಾಡ್ ಮೇಲಕ್ಕೆ ಉಬ್ಬಿದ ಹಾಗಿದ್ದರೆ ಎಲ್ಲ ಬಿಟ್ಟು ಆಫ್ ಮಾಡಿ. ವರ್ಷಗಟ್ಟಲೆ ಚಾರ್ಜಿಗೆ ಹಾಕಿಟ್ಟ ಬ್ಯಾಟರಿ ಊದಿಕೊಂಡಿದೆ. ಅದನ್ನು ತೆಗೆಸದೆ ಮತ್ತೆ ಆನ್ ಮಾಡಬೇಡಿ.

ಹಂತ 4: ವಿಳಾಸ ಬಂದಿದೆಯಾ?

ಒಂದನೇ ಹಂತದಲ್ಲಿ ತೆಗೆದ ‘ಐಪಿ ಎ’ ಫೋಟೊ ಈಗ ನೋಡಿ. ನಾಲ್ಕು ಥರ ಕಾಣಬಹುದು.

ಕಾರ್ಡಿನ ಹೆಸರಿದೆ, ವಿಳಾಸ ಇಲ್ಲ. ರೂಟರ್‌ನಿಂದ ವಿಳಾಸ ಕೇಳಿದೆ, ಸಿಕ್ಕಿಲ್ಲ. ಮುಂದಿನ ಹಂತ ಓದಿ.

169.254ರಿಂದ ಶುರುವಾಗುವ ವಿಳಾಸ ಇದೆ. ಇದೂ ಅದೇ ಕಾಯಿಲೆ. ರೂಟರ್ ಉತ್ತರ ಕೊಡಲಿಲ್ಲ ಅಂತ ಕೆಲವು ಸಿಸ್ಟಮ್‌ಗಳು ತಮಗೆ ತಾವೇ ಒಂದು ವಿಳಾಸ ಇಟ್ಟುಕೊಳ್ಳುತ್ತವೆ.

ಕಾರ್ಡಿನ ಹೆಸರೇ ಬದಲಾಗಿದೆ. ನೀವು ಸೆಟ್ಟಿಂಗ್ ಬರೆದದ್ದು ‘ಇಎನ್‌ಪಿ3ಎಸ್0’ಗೆ, ಈಗ ಕಾಣುತ್ತಿರುವುದು ‘ಇಎನ್‌ಪಿ4ಎಸ್0’. ಹೊಸ ಎಸ್‌ಎಸ್‌ಡಿ ಅಥವಾ ಕಾರ್ಡ್ ಸೇರಿಸಿದ ಮೇಲೆ ಹೀಗಾಗುತ್ತದೆ. ಆ ಹೆಸರು ಕಾರ್ಡ್ ಕೂತಿರುವ ಜಾಗದ ಲೆಕ್ಕದಲ್ಲಿ ಬರುವಂಥದ್ದು, ಜಾಗದ ನಂಬರ್ ಬದಲಾದರೆ ಹೆಸರೂ ಬದಲು. ಸೆಟ್ಟಿಂಗನ್ನು ಹೆಸರಿನ ಬದಲು ಮ್ಯಾಕ್ ವಿಳಾಸಕ್ಕೆ (ಕಾರ್ಡಿನ ಸ್ವಂತ ಗುರುತಿನ ನಂಬರ್) ಕಟ್ಟಿದರೆ ಈ ತಲೆನೋವು ಇರುವುದಿಲ್ಲ.

ಸರಿಯಾದ ವಿಳಾಸವೇ ಇದೆ, ಆದರೂ ಸಿಗುತ್ತಿಲ್ಲ. ಆಗ ಅದೇ ವಿಳಾಸ ಇನ್ನೊಬ್ಬರ ಬಳಿ ಇದೆಯಾ ನೋಡಿ. ಈ ತಪ್ಪು ತುಂಬಾ ಮನೆಗಳಲ್ಲಿದೆ. ಸರ್ವರ್‌ನಲ್ಲಿ ಕೈಯಾರೆ 192.168.1.10 ಅಂತ ಬರೆದಿರುತ್ತೀರಿ. ರೂಟರ್‌ಗೆ ಅದು ಗೊತ್ತಿಲ್ಲ. ಕರೆಂಟ್ ಹೋಗಿ ಬಂದಾಗ ರೂಟರ್ ಹಳೇ ಹಂಚಿಕೆ ಮರೆತು ಹೊಸದಾಗಿ ಹಂಚುತ್ತದೆ. ಯಾರದೋ ಫೋನ್ ಮೊದಲು ಕೇಳಿದರೆ 10 ಅದಕ್ಕೇ ಹೋಗುತ್ತದೆ. ಸರ್ವರ್‌ನ ಕೇಬಲ್ ಕಳಚಿ, ಬೇರೆ ಕಂಪ್ಯೂಟರ್‌ನಿಂದ ಆ ವಿಳಾಸಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ಇನ್ನೊಬ್ಬರು ಕೂತಿದ್ದಾರೆ. ಪರಿಹಾರ ರೂಟರ್‌ನಲ್ಲಿದೆ. ಸರ್ವರ್‌ನಲ್ಲಿ ಕೈಯಾರೆ ಬರೆದದ್ದು ತೆಗೆದು ಡಿಎಚ್‌ಸಿಪಿಗೆ (ರೂಟರ್‌ನಿಂದ ವಿಳಾಸ ಕೇಳಿ ಪಡೆಯುವ ಕ್ರಮ) ಬದಲಿಸಿ, ರೂಟರ್‌ನ ‘ಅಡ್ರೆಸ್ ರಿಸರ್ವೇಶನ್’ ಪುಟದಲ್ಲಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ 10 ಅನ್ನು ಮೀಸಲಿಡಿ.

ವೈಫೈ ಮೇಲೆ ಸರ್ವರ್ ನಡೆಸುವವರು ಇನ್ನೊಂದು ಗಮನಿಸಿ. ಡೆಸ್ಕ್‌ಟಾಪ್‌ಗೆ ಲಾಗಿನ್ ಆದ ಮೇಲೆ ಮಾತ್ರ ನೆಟ್‌ವರ್ಕ್ ಬರುತ್ತಿದೆಯಾ? ವೈಫೈ ಪಾಸ್‌ವರ್ಡ್ ನಿಮ್ಮೊಬ್ಬರ ಹೆಸರಲ್ಲಿ ಉಳಿದಿದೆ, ಸಿಸ್ಟಮ್‌ಗೆ ಸಿಕ್ಕಿಲ್ಲ. ಆ ಕನೆಕ್ಷನ್‌ನ ಸೆಟ್ಟಿಂಗ್‌ನಲ್ಲಿ ಎಲ್ಲ ಬಳಕೆದಾರರಿಗೂ ಬಿಡುವ ಗುರುತು ಹಾಕಿ. ಆದಷ್ಟೂ ಕೇಬಲ್‌ಗೇ ಬನ್ನಿ.

ಹಂತ 5: ಯಾರು ಮೊದಲು ಎದ್ದರು? ಸ್ಟಾಪ್‌ವಾಚ್ ಹಿಡಿಯಿರಿ

"ಕೈಯಲ್ಲಿ ರೀಸ್ಟಾರ್ಟ್ ಮಾಡಿದರೆ ಸರಿ ಇರುತ್ತೆ, ಕರೆಂಟ್ ಹೋಗಿ ಬಂದರೆ ಮಾತ್ರ ಕೆಡುತ್ತೆ" ಅನ್ನುತ್ತೀರಲ್ಲ, ಆ ಮಾತಿನಲ್ಲೇ ಉತ್ತರ ಇದೆ. ಕೈಯಲ್ಲಿ ರೀಸ್ಟಾರ್ಟ್ ಮಾಡುವಾಗ ರೂಟರ್ ಆಗಲೇ ಎದ್ದು ಕೂತಿರುತ್ತದೆ. ಕರೆಂಟ್ ಬಂದಾಗ ಸರ್ವರ್, ಸ್ವಿಚ್ (ಹಲವು ನೆಟ್‌ವರ್ಕ್ ಕೇಬಲ್ ಸೇರಿಸುವ ಡಬ್ಬಿ), ಫೈಬರ್ ಡಬ್ಬಿ (ಫೈಬರ್ ಲೈನ್ ಬಂದು ಸೇರುವ ರೂಟರ್) ಎಲ್ಲ ಒಟ್ಟಿಗೆ ಏಳಲು ಹೊರಡುತ್ತವೆ.

ಸಮಯ ಅಳೆದು ನೋಡಿ. ನನ್ನ ಮನೆಯಲ್ಲಿ ಸರ್ವರ್ 25 ಸೆಕೆಂಡಿಗೆ ಲಾಗಿನ್ ಪರದೆಗೆ ಬರುತ್ತದೆ. ಫೈಬರ್ ಡಬ್ಬಿಯ ಮುಂದೆ ಕೂತು ದೀಪ ನೋಡುತ್ತೇನೆ. ಮೊದಲು ಪವರ್ ಹಸಿರು. ಆಮೇಲೆ ‘ಪಾನ್’ ದೀಪ ಮಿನುಗಲು ಶುರು, ಮಿನುಗುತ್ತಲೇ ಇರುತ್ತದೆ. ಅದು ನಿಂತು ಉರಿಯುವಷ್ಟರಲ್ಲಿ ಎರಡು ನಿಮಿಷ ದಾಟಿರುತ್ತದೆ. ಇಂಟರ್ನೆಟ್ ದೀಪ ಅದಕ್ಕೂ ಆಮೇಲೆ. ‘ಎಲ್‌ಒಎಸ್’ ಅನ್ನುವ ದೀಪ ಕೆಂಪಗಿದ್ದರೆ ಹೊರಗಿನ ಫೈಬರ್‌ನಲ್ಲೇ ಬೆಳಕು ಬರುತ್ತಿಲ್ಲ, ಎಲ್ಲೋ ಮರ ಬಿದ್ದಿರಬಹುದು. ಆಗ ಲೈನ್‌ನವರಿಗೆ ಫೋನ್ ಮಾಡುವುದು ಬಿಟ್ಟು ನೀವು ಮಾಡುವುದೇನೂ ಇಲ್ಲ.

ಈಗ ಸರ್ವರ್ ಕಡೆಯಿಂದ ಯೋಚಿಸಿ. ನೆಟ್‌ವರ್ಕ್ ನೋಡಿಕೊಳ್ಳುವ ಪ್ರೋಗ್ರಾಂ ನೆಟ್‌ವರ್ಕ್‌ಮ್ಯಾನೇಜರ್ ಆಗಿದ್ದರೆ ಅದು ವಿಳಾಸಕ್ಕಾಗಿ ಸುಮಾರು 45 ಸೆಕೆಂಡ್ ಕಾಯುತ್ತದೆ. ಸಿಗದಿದ್ದರೆ ಮತ್ತೆ ಕೇಳುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಹೀಗೆ ನಾಲ್ಕು ಸಲ. ಆಮೇಲೆ ಐದು ನಿಮಿಷ ಸುಮ್ಮನಾಗುತ್ತದೆ. ಅಷ್ಟರೊಳಗೆ ನಿಮ್ಮ ಕ್ಯಾಮೆರಾ ಸಾಫ್ಟ್‌ವೇರ್ ನೆಟ್‌ವರ್ಕ್ ಇಲ್ಲ ಅಂತ ಕೈಚೆಲ್ಲಿರುತ್ತದೆ.

ನಡುವೆ ಸಣ್ಣ ಸ್ವಿಚ್ ಇರುವ ಮನೆಗಳಲ್ಲಿ ಇದು ಇನ್ನೂ ಜಾಸ್ತಿ. ಸರ್ವರ್ ನೇರವಾಗಿ ರೂಟರ್‌ಗೆ ಕೂತಿದ್ದರೆ, ರೂಟರ್ ಏಳುವಾಗ ಅದರ ಪೋರ್ಟ್ ಆರಿ ಹೊತ್ತಿಕೊಳ್ಳುತ್ತದೆ. ಅದನ್ನು ನೋಡಿ ಸರ್ವರ್ ಹೊಸದಾಗಿ ವಿಳಾಸ ಕೇಳುತ್ತದೆ, ಎಷ್ಟೋ ಸಲ ತಾನಾಗೇ ಸರಿಹೋಗುತ್ತದೆ. ನಡುವೆ ಸ್ವಿಚ್ ಇದ್ದರೆ ಅದು ಕ್ಷಣದಲ್ಲಿ ಎದ್ದು ದೀಪ ಹೊತ್ತಿಸಿಬಿಡುತ್ತದೆ. ಸರ್ವರ್‌ಗೆ ಲಿಂಕ್ ಸರಿಯಾಗಿಯೇ ಕಾಣುತ್ತದೆ. ಸ್ವಿಚ್‌ನ ಆಚೆ ರೂಟರ್ ಇನ್ನೂ ಎದ್ದಿಲ್ಲ ಅನ್ನುವುದು ಅದಕ್ಕೆ ತಿಳಿಯುವುದೇ ಇಲ್ಲ.

ಸರಿಪಡಿಸಲು ನಾನು ಈ ಕ್ರಮದಲ್ಲಿ ಹೋಗುತ್ತೇನೆ.

ಮೊದಲು, ಸೋಲದೆ ಕೇಳುತ್ತಲೇ ಇರುವ ಹಾಗೆ ಮಾಡುವುದು. ‘ಎನ್‌ಎಂಸಿಎಲ್‌ಐ ಕನೆಕ್ಷನ್ ಶೋ’ ಹೊಡೆದು ಕನೆಕ್ಷನ್‌ನ ಹೆಸರು ನೋಡಿಕೊಳ್ಳಿ. ಆಮೇಲೆ ‘ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ’, ಆ ಹೆಸರು, ‘ಕನೆಕ್ಷನ್.ಆಟೊಕನೆಕ್ಟ್-ರಿಟ್ರೈಸ್ 0’. ಇಲ್ಲಿ ಸೊನ್ನೆ ಅಂದರೆ ಎಂದೂ ನಿಲ್ಲಿಸಬೇಡ ಅಂತ. ಸೊನ್ನೆ ನೋಡಿ ಹೆದರಿ 1 ಹಾಕಿದವರಿದ್ದಾರೆ, ಅದು ಒಂದೇ ಸಲ ಕೇಳಿ ಸುಮ್ಮನಾಗುತ್ತದೆ. ಅದರ ಬದಲು ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವವರಿಗೆ ಈ ಕೆಲಸ ಬೇಡ, ಅದು ಮೊದಲೇ ಬಿಡದೆ ಕೇಳುತ್ತದೆ.

ಎರಡನೆಯದು, ಸರ್ವರನ್ನೇ ತಡಮಾಡಿ ಎಬ್ಬಿಸುವುದು. ಪಿಸಿ, ಲ್ಯಾಪ್‌ಟಾಪ್‌ಗಳಲ್ಲಿ ಗ್ರಬ್ ಮೆನುವಿನ (ಸಿಸ್ಟಮ್ ಏಳುವ ಮುಂಚೆ ಬರುವ ಆಯ್ಕೆ ಪಟ್ಟಿ) ಕಾಯುವ ಸಮಯವನ್ನು 180 ಸೆಕೆಂಡ್ ಮಾಡಿ, ‘ಅಪ್‌ಡೇಟ್-ಗ್ರಬ್’ ಹೊಡೆಯಿರಿ. ಮೂರು ನಿಮಿಷ ಮೆನುವಿನಲ್ಲೇ ನಿಂತಿರುತ್ತದೆ, ಅಷ್ಟರಲ್ಲಿ ರೂಟರ್ ಎದ್ದಿರುತ್ತದೆ. ರಾಸ್‌ಬೆರಿ ಪೈಯಲ್ಲಿ ಗ್ರಬ್ ಇಲ್ಲ, ಅಲ್ಲಿ ಮೊದಲನೆಯದೇ ದಾರಿ.

ಮೂರನೆಯದು, ಫೈಬರ್ ಡಬ್ಬಿಗೆ ಸಣ್ಣ ಡಿಸಿ ಯುಪಿಎಸ್. ಕೊಳ್ಳುವ ಮುಂಚೆ ಡಬ್ಬಿಯ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪ್ ಓದಿ. ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟು ಅಥವಾ ಹೆಚ್ಚು ಇರಬೇಕು. ಐದು ಹತ್ತು ನಿಮಿಷದ ಕರೆಂಟ್ ಕಟ್‌ಗೆ ಇದು ಚೆನ್ನಾಗಿದೆ. ಆದರೆ ಆಷಾಢದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಾಗ ಇದು ಖಾಲಿಯಾಗುತ್ತದೆ, ಆಮೇಲೆ ಎಲ್ಲ ಒಟ್ಟಿಗೇ ಏಳುತ್ತವೆ. ಅದಕ್ಕೇ ಇದೊಂದನ್ನೇ ನೆಚ್ಚಿಕೊಳ್ಳಬೇಡಿ, ಮೊದಲನೆಯದನ್ನು ಮಾಡಿಟ್ಟಿರಿ.

ಮಾಡಬಾರದ್ದು ಒಂದಿದೆ. ಕ್ರಾನ್‌ನಲ್ಲಿ (ಕಮಾಂಡ್‌ಗಳನ್ನು ತಾನಾಗೇ ಓಡಿಸುವ ವ್ಯವಸ್ಥೆ) ‘60 ಸೆಕೆಂಡ್ ಮಲಗು, ನೆಟ್‌ವರ್ಕ್ ರೀಸ್ಟಾರ್ಟ್ ಮಾಡು’ ಅಂತ ಬರೆಯುವುದು. ರೂಟರ್ 50 ಸೆಕೆಂಡಿಗೆ ಎದ್ದ ದಿನ ಸರಿ. 90 ಆದ ದಿನ ಮತ್ತೆ ಕೆಟ್ಟಿರುತ್ತದೆ, ನೀವು ಸರಿಯಾಗಿದೆ ಅಂತ ನಂಬಿಕೊಂಡಿರುತ್ತೀರಿ.

ಹಂತ 6: ನೆಟ್‌ವರ್ಕ್ ನೋಡಿಕೊಳ್ಳುವವರು ಒಬ್ಬರೇ ಇದ್ದಾರಾ?

ಅಂತರ್ಜಾಲದಲ್ಲಿ ಸಿಕ್ಕ ನಾಲ್ಕು ಪಾಠ ನೋಡಿ ನಾಲ್ಕು ಕಡೆ ಬರೆದವರ ಸರ್ವರ್ ಇಲ್ಲಿ ಸಿಕ್ಕಿಬೀಳುತ್ತದೆ. ನೆಟ್‌ವರ್ಕ್‌ಮ್ಯಾನೇಜರ್, ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ, ಡಿಎಚ್‌ಸಿಪಿಸಿಡಿ, ಹಳೇ ಇಂಟರ್ಫೇಸಸ್ ಫೈಲ್. ಒಂದೇ ಕಾರ್ಡಿಗೆ ಇವುಗಳಲ್ಲಿ ಯಾವುದಾದರೂ ಒಂದು ಸಾಕು. ಎರಡು ಇದ್ದರೆ ಒಂದು ಕೊಟ್ಟ ವಿಳಾಸವನ್ನು ಇನ್ನೊಂದು ಅಳಿಸಬಹುದು. ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಮುಂದೆ ಒಂದೊಂದರ ಹೆಸರು ಹಾಕಿ ನೋಡಿ, ಬೇಡದ್ದನ್ನು ‘ಡಿಸೇಬಲ್’ ಮಾಡಿ.

ರಾಸ್‌ಬೆರಿ ಪೈ ಇಟ್ಟವರು ಕಿವಿಗೊಡಿ. 2023ರ ಅಕ್ಟೋಬರ್‌ನಲ್ಲಿ ಬಂದ ಬುಕ್‌ವರ್ಮ್ ಆವೃತ್ತಿಯಿಂದ ಅದರಲ್ಲಿ ಡಿಎಚ್‌ಸಿಪಿಸಿಡಿ ಬದಲು ನೆಟ್‌ವರ್ಕ್‌ಮ್ಯಾನೇಜರ್ ಇದೆ. ಹಳೇ ಪಾಠ ಓದಿ ಡಿಎಚ್‌ಸಿಪಿಸಿಡಿ ಕಾನ್ಫ್ ಫೈಲಿನಲ್ಲಿ ಏನು ಬರೆದರೂ ಅದನ್ನು ಓದುವವರೇ ಇಲ್ಲ.

ಉಬುಂಟು ಸರ್ವರ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಬರೆಯಲು ನೆಟ್‌ಪ್ಲಾನ್ ಇರುತ್ತದೆ. ಅಲ್ಲಿ ಬದಲಾವಣೆ ಮಾಡಿದ ಮೇಲೆ ‘ನೆಟ್‌ಪ್ಲಾನ್ ಅಪ್ಲೈ’ ಬೇಡ, ‘ನೆಟ್‌ಪ್ಲಾನ್ ಟ್ರೈ’ ಹೊಡೆಯಿರಿ. 120 ಸೆಕೆಂಡಿನೊಳಗೆ ನೀವು ಸರಿ ಅನ್ನದಿದ್ದರೆ ಹಳೇ ಸೆಟ್ಟಿಂಗ್‌ಗೆ ತಾನೇ ವಾಪಸ್ ಹೋಗುತ್ತದೆ. ಹಾಸನದಲ್ಲಿ ಕೂತು ತೋಟದ ಸರ್ವರ್‌ನ ಸೆಟ್ಟಿಂಗ್ ಬದಲಿಸುವವರಿಗೆ ಇದು ಒಂದು ದಿನದ ಓಡಾಟ ಉಳಿಸುತ್ತದೆ.

ಹಂತ 7: ಗಡಿಯಾರ ಮತ್ತು ಹೆಸರು

8.8.8.8ಕ್ಕೆ ಪಿಂಗ್ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ. ಇದು ಡಿಎನ್‌ಎಸ್ (ಹೆಸರಿಗೆ ಸರಿಯಾದ ವಿಳಾಸ ಹುಡುಕಿ ಕೊಡುವ ವ್ಯವಸ್ಥೆ) ತೊಂದರೆ. ‘ರಿಸಾಲ್ವ್‌ಸಿಟಿಎಲ್ ಸ್ಟೇಟಸ್’ ಹೊಡೆದು ಯಾರನ್ನು ಕೇಳುತ್ತಿದೆ ನೋಡಿ. ಜಾಹೀರಾತು ತಡೆಯಲು ಪೈ-ಹೋಲ್ ಇದೇ ಸರ್ವರ್ ಮೇಲೆ ಹಾಕಿದ್ದರೆ, ಅದು ಏಳುವವರೆಗೆ ಸರ್ವರ್‌ಗೇ ಹೆಸರು ಸಿಗುವುದಿಲ್ಲ. ಸರ್ವರ್ ಮಟ್ಟಿಗೆ ರೂಟರನ್ನೇ ಡಿಎನ್‌ಎಸ್ ಆಗಿ ಕೊಡಿ.

ಇನ್ನೊಂದು ಕಾರಣ ಯಾರ ತಲೆಗೂ ಬರುವುದಿಲ್ಲ. ‘ಡೇಟ್’ ಹೊಡೆಯಿರಿ. ತಾರೀಕು ಸರಿ ಇದೆಯಾ? ಹಳೇ ಪಿಸಿಯ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದ್ದರೆ, ಕರೆಂಟ್ ಹೋದಾಗಲೆಲ್ಲ ಗಡಿಯಾರ ವರ್ಷಗಳ ಹಿಂದಕ್ಕೆ ಹೋಗುತ್ತದೆ. ತಾರೀಕು ತಪ್ಪಿದರೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರಗಳು ಇನ್ನೂ ಜಾರಿಗೆ ಬಂದಿಲ್ಲ ಅಂತ ಸರ್ವರ್ ತಿಳಿಯುತ್ತದೆ, ಯಾವ ಸೈಟಿಗೂ ಸೇರುವುದಿಲ್ಲ. ನೋಡುವವರಿಗೆ ನೆಟ್ ಇಲ್ಲದ ಹಾಗೇ ಕಾಣುತ್ತದೆ. ಆ ಸೆಲ್ ಹೆಚ್ಚಿನ ಬೋರ್ಡ್‌ಗಳಲ್ಲಿ ಸಿಆರ್2032, ವಾಚ್ ಅಂಗಡಿಯಲ್ಲೂ ಸಿಗುತ್ತದೆ. ರಾಸ್‌ಬೆರಿ ಪೈ 4ರವರೆಗಿನ ಮಾದರಿಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. 5ರಲ್ಲಿ ಇದೆ, ಆದರೆ ಬ್ಯಾಟರಿ ಬೇರೆ ಹಾಕಬೇಕು.

ಹಂತ 8: ನೆಟ್‌ವರ್ಕ್ ಇದೆ, ಸರ್ವಿಸ್ ಇಲ್ಲ

ಪಿಂಗ್ ಎಲ್ಲ ಸರಿ, ಕ್ಯಾಮೆರಾ ಪುಟ ಮಾತ್ರ ಇಲ್ಲ. ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಹೊಡೆದರೆ ಸೋತ ಸರ್ವಿಸ್‌ಗಳ (ಹಿಂದೆ ಓಡುವ ಪ್ರೋಗ್ರಾಂಗಳ) ಪಟ್ಟಿ ಬರುತ್ತದೆ. ಅದರ ದಾಖಲೆಯಲ್ಲಿ ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಅಂತ ಇದ್ದರೆ, ವಿಳಾಸ ಬರುವ ಮುಂಚೆಯೇ ಆ ಸರ್ವಿಸ್ ಎದ್ದು ಅದೇ ವಿಳಾಸದ ಮೇಲೆ ಕೂರಲು ಹೋಗಿದೆ.

ಸರ್ವಿಸ್ ಫೈಲಿನಲ್ಲಿ ‘ಆಫ್ಟರ್’ ಮುಂದೆ ‘ನೆಟ್‌ವರ್ಕ್.ಟಾರ್ಗೆಟ್’ ಅಂತ ಇರುತ್ತದೆ. ಹೆಸರು ನೋಡಿ ಮೋಸ ಹೋಗಬೇಡಿ. ಅದು ಮುಟ್ಟಿದೆ ಅಂದರೆ ನೆಟ್‌ವರ್ಕ್ ಬಂದಿದೆ ಅಂತ ಅರ್ಥವಲ್ಲ, ತರುವ ಕೆಲಸ ಶುರುವಾಗಿದೆ ಅಂತ ಅಷ್ಟೇ. ‘ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್’ ಬೇಕು, ‘ವಾಂಟ್ಸ್’ ಮತ್ತು ‘ಆಫ್ಟರ್’ ಎರಡೂ ಸಾಲಿನಲ್ಲಿ ಬೇಕು. ಮೂಲ ಫೈಲ್ ತಿದ್ದಬೇಡಿ, ಮುಂದಿನ ಅಪ್‌ಡೇಟ್ ಅಳಿಸುತ್ತದೆ. ‘ಸಿಸ್ಟಮ್‌ಸಿಟಿಎಲ್ ಎಡಿಟ್’ ಮೂಲಕ ಸೇರಿಸಿ.

ಇಷ್ಟೇ ಸಾಲದು. ಆನ್‌ಲೈನ್ ಆಗಲು ಕಾಯುವವರಿಗೂ ಒಂದು ಗಡುವಿದೆ. ಅದು ಮುಗಿದರೆ ನೆಟ್‌ವರ್ಕ್ ಇಲ್ಲದೆಯೇ ಸರ್ವಿಸ್ ಶುರುವಾಗುತ್ತದೆ. ಅದಕ್ಕೆ ‘ರೀಸ್ಟಾರ್ಟ್’ ಮುಂದೆ ‘ಆನ್-ಫೇಲ್ಯೂರ್’, ‘ರೀಸ್ಟಾರ್ಟ್‌ಸೆಕ್’ ಮುಂದೆ 30 ಅಂತ ಬರೆಯಿರಿ. ಈ 30 ಮರೆತರೆ ಸೋತ ಕೂಡಲೇ ಮತ್ತೆ ಮತ್ತೆ ಎದ್ದು ಬೀಳುತ್ತದೆ. 10 ಸೆಕೆಂಡಿನೊಳಗೆ ಐದು ಸಲ ಬಿದ್ದರೆ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿ ಇನ್ನು ಸಾಕು ಅಂತ ಬಿಟ್ಟುಬಿಡುತ್ತದೆ.

ಹಂತ 9: ಮನೆಯೊಳಗೆ ಸಿಗುತ್ತದೆ, ಹೊರಗಿನಿಂದ ಇಲ್ಲ

ಕರೆಂಟ್ ಹೋಗಿ ಬಂದಾಗ ಇಂಟರ್ನೆಟ್‌ನಲ್ಲಿ ನಿಮ್ಮ ಮನೆಗಿರುವ ಹೊರಗಿನ ವಿಳಾಸ ಬದಲಾಗಿರಬಹುದು. ಡೈನಾಮಿಕ್ ಡಿಎನ್‌ಎಸ್ (ಬದಲಾಗುವ ವಿಳಾಸವನ್ನು ಒಂದೇ ಹೆಸರಿಗೆ ಕಟ್ಟುವ ಸೇವೆ) ಹಾಕಿದ್ದರೆ ಅದನ್ನು ಅಪ್‌ಡೇಟ್ ಮಾಡುವ ಪ್ರೋಗ್ರಾಂ ಸೋತಿದೆಯಾ ನೋಡಿ, ಕಾರಣ 8ನೇ ಹಂತದ್ದೇ ಆಗಿರಬಹುದು. ರೂಟರ್‌ನ ಪುಟದಲ್ಲಿ ಹೊರಗಿನ ವಿಳಾಸ 100.64ರಿಂದ 100.127ರ ನಡುವೆ ಇದ್ದರೆ ನಿಮಗೆ ಸ್ವಂತ ವಿಳಾಸವೇ ಇಲ್ಲ, ಹಲವು ಮನೆಗಳಿಗೆ ಸೇರಿ ಒಂದು ಕೊಟ್ಟಿದ್ದಾರೆ. ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಸರ್ವರ್‌ಗೆ ರೂಟರ್‌ನಲ್ಲಿ ದಾರಿ ತೆರೆಯುವುದು) ಮಾಡುತ್ತಾ ಸಂಜೆ ಕಳೆಯಬೇಡಿ. ಸ್ಥಿರ ವಿಳಾಸ ಕೇಳಿ ಪಡೆಯಿರಿ, ಇಲ್ಲವೇ ಸ್ವಂತ ವಿಳಾಸ ಇಲ್ಲದೆಯೂ ಹೊರಗಿನಿಂದ ಸೇರಿಸುವ ಟೇಲ್‌ಸ್ಕೇಲ್ ಥರದ ಪ್ರೋಗ್ರಾಂ ಹಾಕಿಕೊಳ್ಳಿ.

ಹಂತ 10: ಬೇಕೆಂದೇ ಕರೆಂಟ್ ತೆಗೆದು ಪರೀಕ್ಷಿಸಿ

ಸರಿಪಡಿಸಿದ ಮೇಲೆ ಕೈಯಲ್ಲಿ ರೀಸ್ಟಾರ್ಟ್ ಮಾಡಿ ನೋಡಿದರೆ ಪರೀಕ್ಷೆ ಆಗಲಿಲ್ಲ. ಅದು ಮೊದಲಿಂದಲೂ ಸರಿ ಇತ್ತಲ್ಲ.

ಸರ್ವರನ್ನು ಸರಿಯಾಗಿ ಶಟ್‌ಡೌನ್ ಮಾಡಿ. ಓಡುತ್ತಿರುವಾಗಲೇ ಪ್ಲಗ್ ಕಿತ್ತರೆ ಡಿಸ್ಕ್ ಹಾಳಾಗಬಹುದು. ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಇರುವುದರಿಂದ ಕೊನೆಗೆ ಪವರ್ ಗುಂಡಿ ನೀವೇ ಒತ್ತಬೇಕು. ಸರ್ವರ್, ಸ್ವಿಚ್, ಫೈಬರ್ ಡಬ್ಬಿ ಮೂರನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ, ಬೋರ್ಡ್ ಆಫ್ ಮಾಡಿ ಎರಡು ನಿಮಿಷ ಬಿಡಿ. ಆಮೇಲೆ ಒಟ್ಟಿಗೆ ಆನ್ ಮಾಡಿ.

ಪಿಸಿ ಏಳಲೇ ಇಲ್ಲವಾ? ಬಯೋಸ್‌ನಲ್ಲಿ ಕರೆಂಟ್ ವಾಪಸ್ ಬಂದಾಗ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ ‘ಲಾಸ್ಟ್ ಸ್ಟೇಟ್’ (ಹಿಂದೆ ಇದ್ದ ಸ್ಥಿತಿ) ಮೇಲಿರಬಹುದು. ನೀವೇ ಆಫ್ ಮಾಡಿದ್ದರಿಂದ ಆಫ್ ಆಗಿಯೇ ಉಳಿದಿದೆ. ಅದನ್ನು ‘ಪವರ್ ಆನ್’ ಮಾಡಿ.

ಎದ್ದ ಮೇಲೆ ಯಾವುದನ್ನೂ ಮುಟ್ಟದೆ ಹತ್ತು ನಿಮಿಷ ಕಾಯಿರಿ. ಫೋನಿನಿಂದ ಮೊದಲು ಪಿಂಗ್, ಆಮೇಲೆ ಕ್ಯಾಮೆರಾ ಪುಟ, ಕೊನೆಗೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಹೊರಗಿನಿಂದ ನೋಡಿ. ಹೀಗೆ ಮೂರು ಸಲ ಮಾಡಿ, ಪ್ರತಿ ಸಲವೂ ಎಷ್ಟು ಹೊತ್ತಿಗೆ ಸಿಕ್ಕಿತು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ. ಒಂದು ಸಲ ತಪ್ಪಿದರೂ ರೀಸ್ಟಾರ್ಟ್ ಗುಂಡಿ ಮುಟ್ಟಬೇಡಿ. ಪರದೆ, ಕೀಬೋರ್ಡ್ ಹಾಕಿಕೊಂಡು 1ನೇ ಹಂತಕ್ಕೆ ವಾಪಸ್ ಬನ್ನಿ.